‘ಬರೀ ಪೊದೆ’ ಎಂದವರ ಮೇಲೊಂದು ದೂರು

ಗಿಡವೊಂದು ಅಳಿಯುತ್ತಿದೆ, ಅಳಿವಿನಂಚಿನ ಜೀವಿಗಳ ಪಟ್ಟಿಗೆ ಸೇರಿಸಿ ಕಾಪಾಡಿ ಎಂಬ ಅರ್ಜಿ ಅಮೆರಿಕದ ಕೇಂದ್ರ ಸರ್ಕಾರಕ್ಕೆ ಹೋದದ್ದು 1996ರ ನವೆಂಬರಿನಲ್ಲಿ. ‘ಹೌದು, ಅಳಿಯುತ್ತಿದೆ’ ಎಂದು ಮುದ್ರೆ ಬಿದ್ದದ್ದು 2022ರಲ್ಲಿ. ಅರ್ಜಿ ಬರೆದ ವರ್ಷ ಹುಟ್ಟಿದ ಕೂಸು ಶಾಲೆ ಕಾಲೇಜು ಮುಗಿಸಿ, ನೌಕರಿ ಹಿಡಿದು, ಮದುವೆಯಾಗುವಷ್ಟು ಕಾಲ ಒಂದು ಫೈಲು ಮೇಜಿನಿಂದ ಮೇಜಿಗೆ ನಡೆದಾಡಿತು. ಅರ್ಜಿ ಹಾಕಿದವರೇನು ಬೀದಿಯಲ್ಲಿ ಹೋಗುವ ದಾಸಯ್ಯಗಳೇ? ಅಲ್ಲ, ಆ ಗಿಡ ಬೆಳೆಯುವ ದ್ವೀಪದ ಸರ್ಕಾರದ್ದೇ ನೈಸರ್ಗಿಕ ಸಂಪನ್ಮೂಲ ಇಲಾಖೆ. ಕಾನೂನು ಇರಲಿಲ್ಲವೇ? 1973ರಿಂದಲೇ ಇದೆ. ಅರ್ಜಿ ಬಂದರೆ ಸಾಧ್ಯವಾದ ಮಟ್ಟಿಗೆ 90 ದಿನದೊಳಗೆ ಮೊದಲ ಉತ್ತರ, ವಿಷಯದಲ್ಲಿ ಹುರುಳಿದ್ದರೆ 12 ತಿಂಗಳಲ್ಲಿ ತೀರ್ಮಾನ ಎಂದು ಅದರಲ್ಲೇ ಬರೆದಿದೆ. ಬರೆದದ್ದು ಬರೆದಂತೆಯೇ ಉಳಿಯಿತು. ಗಿಡ ಮಾತ್ರ ಇದ್ದಂತೆ ಉಳಿಯಲಿಲ್ಲ.

ಆ ಗಿಡದ ಹೆಸರು ಮರೋನ್ ಬಕೋರ. ಸಸ್ಯಶಾಸ್ತ್ರಜ್ಞರು ಸೋಲಾನಮ್ ಕೋನೋಕಾರ್ಪಮ್ ಎನ್ನುತ್ತಾರೆ. ಕೆರಿಬಿಯನ್ ಸಮುದ್ರದ ಸೇಂಟ್ ಜಾನ್ ಎಂಬ ಪುಟ್ಟ ದ್ವೀಪದ ಒಣಕಾಡು ಅದರ ಮನೆ. ಇಡೀ ದ್ವೀಪ ಸುಮಾರು 50 ಚದರ ಕಿಲೋಮೀಟರು. ನಮ್ಮ ಒಂದು ಹೋಬಳಿಯಷ್ಟೂ ಇಲ್ಲ. ಪಕ್ಕದ ಬ್ರಿಟಿಷ್ ದ್ವೀಪ ಟೊರ್ಟೊಲಾದಲ್ಲಿ ಇತ್ತೀಚೆಗೆ ಕೆಲವು ಗಿಡ ಕಂಡಿರುವುದನ್ನು ಬಿಟ್ಟರೆ ಭೂಮಿಯ ಮೇಲೆ ಬೇರೆಲ್ಲೂ ಇದು ತಾನಾಗಿ ಬೆಳೆಯುವುದಿಲ್ಲ. ಆಳೆತ್ತರ ಮೀರಿ, ಹೆಚ್ಚೆಂದರೆ 3 ಮೀಟರ್ ಬೆಳೆಯುವ ಪೊದೆ. ಮುಳ್ಳಿಲ್ಲ. ತೊಗಲಿನಂತೆ ದಪ್ಪನೆಯ ನುಣುಪು ಎಲೆ, ಎಲೆಯ ನಡುವೆ ಎದ್ದು ಕಾಣುವ ಹಳದಿ ನರ. ತಿಳಿ ನೇರಳೆ ಬಣ್ಣದ ಐದೆಸಳ ಹೂವು, ಒಂಟಿಯಾಗಿಯೋ ಜೋಡಿಯಾಗಿಯೋ. ಕಾಯಿ ಎಳೆಯದಿದ್ದಾಗ ಹಸಿರು ಮೈಮೇಲೆ ಬಿಳಿ ಗೀರು. ತುದಿ ಚೂಪಾದ ಆ ಕಾಯಿ ಹಣ್ಣಾದರೆ ಬಂಗಾರದ ಹಳದಿ. ನೋಡಿದ ಕನ್ನಡಿಗರು ಯಾರೇ ಆಗಲಿ, ಇದು ನಮ್ಮ ಬದನೆಯ ಬಳಗ ಎಂದು ಹೂವು ನೋಡಿಯೇ ಹೇಳಿಬಿಡುತ್ತಾರೆ. ಬದನೆ, ಟೊಮೆಟೊ, ಆಲೂಗಡ್ಡೆ, ಗಣಿಕೆ ಸೊಪ್ಪು ಎಲ್ಲವೂ ಸೋಲಾನಮ್ ಎಂಬ ಒಂದೇ ಕುಲದ ಮಕ್ಕಳು. ಸಾವಿರಕ್ಕೂ ಮೀರಿದ ಸದಸ್ಯರಿರುವ ಆ ಕುಲದಲ್ಲಿ ನಾವು ತಿನ್ನುವ ನಾಲ್ಕಾರು ಮಕ್ಕಳಿಗೆ ಮಾತ್ರ ಹೆಸರಿದೆ. ಉಳಿದದ್ದೆಲ್ಲ ಗಿಡಗಂಟಿ.

‘ಅದರಿಂದ ಏನು ಉಪಯೋಗ?’ ಎಂಬ ಪ್ರಶ್ನೆ ತಕ್ಷಣ ಬರುತ್ತದೆ ಎಂದು ಗೊತ್ತು. ಈ ಪ್ರಶ್ನೆ ಕೇಳುವವರು ತಮ್ಮ ಉಪಯೋಗ ಏನೆಂದು ಯಾವತ್ತೂ ಯಾವ ಗಿಡಕ್ಕೂ ಲೆಕ್ಕ ಕೊಟ್ಟವರಲ್ಲ. ಆದರೂ ಉತ್ತರ ಕೊಡುತ್ತೇನೆ, ಉಪಯೋಗದ ಭಾಷೆಯಲ್ಲಿ ಅಲ್ಲ, ಅದು ಬದುಕುವ ರೀತಿಯ ಭಾಷೆಯಲ್ಲಿ. ಈ ಕುಲದ ಹೂವುಗಳಲ್ಲಿ ಮಕರಂದವಿಲ್ಲ. ದುಂಬಿಗೆ ಸಿಗುವ ಕೂಲಿ ಪರಾಗವೊಂದೇ. ಆ ಪರಾಗವೂ ಸುಲಭಕ್ಕೆ ಸಿಗದು. ತುದಿಯಲ್ಲಿ ಸಣ್ಣ ತೂತು ಮಾತ್ರವಿರುವ ಕೇಸರದೊಳಗೆ ಭದ್ರವಾಗಿರುತ್ತದೆ. ಬಡಗಿ ದುಂಬಿಯಂಥವು ಹೂವನ್ನು ತಬ್ಬಿ, ರೆಕ್ಕೆ ಆಡಿಸದೆ ಎದೆಯ ಸ್ನಾಯು ಮಾತ್ರ ನಡುಗಿಸಿ ಜುಂಯ್ ಎನ್ನಿಸಿದರೆ ಪರಾಗ ಉದುರುತ್ತದೆ. ಸಾಕಿದ ಜೇನಿಗೆ ಈ ವಿದ್ಯೆ ಬರದು. ನಮ್ಮ ಬದನೆ ಹೊಲದಲ್ಲಿ ನಡೆಯುವುದೂ ಇದೇ ವ್ಯವಹಾರ. ಮರೋನ್ ಬಕೋರ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಇದರಲ್ಲಿ ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಸಾವಿರಕ್ಕೂ ಮೀರಿದ ಸೋಲಾನಮ್‌ಗಳ ನಡುವೆ ಹೀಗೆ ಮನೆ ಬೇರೆ ಮಾಡಿಕೊಂಡವು ಬಹಳ ವಿರಳ. ಹೊರನೋಟಕ್ಕೆ ಎರಡೂ ಹೂವು ಒಂದೇ; ಹೆಣ್ಣು ಹೂವಿನಲ್ಲೂ ಕೇಸರವಿದೆ, ಕೇಸರದಲ್ಲಿ ಪರಾಗವಿದೆ. ಆದರೆ ಆ ಪರಾಗ ಮೊಳೆಯುವುದಿಲ್ಲ. ಮೊಳೆಯದ ಪರಾಗವನ್ನು ಏಕೆ ಹೆರಬೇಕು? ದುಂಬಿಯನ್ನು ಬರಿಗೈಯಲ್ಲಿ ಕಳಿಸಬಾರದಲ್ಲ, ಅದಕ್ಕೆ. ಲಕ್ಷಾಂತರ ವರ್ಷ ಕೂತು ಬಿಡಿಸಿದ ಇಂಥ ಒಗಟನ್ನು ‘ಬರೀ ಪೊದೆ’ ಎಂದು ಕರೆಯಲು ಎಷ್ಟು ಧೈರ್ಯ ಬೇಕು!

ಈ ಬೇರೆ ಮನೆಯ ಸಂಸಾರವೇ ಈಗ ಅದಕ್ಕೆ ಮುಳುವಾಗಿದೆ. ಗಂಡು ಹೆಣ್ಣು ಎರಡೂ ಹತ್ತಿರವಿದ್ದರಷ್ಟೇ ಕಾಯಿ. ಆದರೆ ಬದುಕಿರುವ ಗಿಡಗಳ ಹಂಚಿಕೆ ಏರುಪೇರು. ಹೆಚ್ಚಿನವು ನ್ಯಾನಿ ಪಾಯಿಂಟ್ ಎಂಬ ಒಂದೇ ಜಾಗದಲ್ಲಿವೆ. ಉಳಿದ ಬಹುತೇಕ ಕಡೆಗಳಲ್ಲಿ ಬೆರಳೆಣಿಕೆ. ಕೆಲವು ಕಡೆ ಒಂದೇ ಒಂದು. ಒಂಟಿ ಗಿಡ ಹೂ ಬಿಡುತ್ತದೆ, ದುಂಬಿ ಬರುತ್ತದೆ, ಹೋಗುತ್ತದೆ, ಅಷ್ಟೇ. ಕಾಯಿ ಕಟ್ಟುವ ಕಡೆಯೂ ಕಾಡಿನಲ್ಲಿ ಸಸಿಗಳು ಕಾಣಿಸುವುದಿಲ್ಲ. ಮುದುಕರೇ ಉಳಿದ ಊರಿನಂತಾಗಿದೆ ಅದರ ಕಾಡು. ತನಗೆ ತಾನೇ ಹೀಗಾಯಿತೇ? ಇಲ್ಲ. ಇದನ್ನು ಮಾಡಿದವರಿದ್ದಾರೆ, ಮಾಡಿದ ತಾರೀಕುಗಳೂ ಇವೆ.

ಮೊದಲ ತಾರೀಕು 1718. ಆ ವರ್ಷ ಡೆನ್ಮಾರ್ಕಿನವರು ಸೇಂಟ್ ಜಾನಿನ ಕೋರಲ್ ಬೇ ಎಂಬ ಕೊಲ್ಲಿಯಲ್ಲಿ ಇಳಿದು ಬಾವುಟ ನೆಟ್ಟರು. ಅವರಿಗೆ ಬೇಕಿದ್ದದ್ದು ಸಕ್ಕರೆ. ಸಕ್ಕರೆಗೆ ಕಬ್ಬು, ಕಬ್ಬಿಗೆ ನೆಲ, ನೆಲಕ್ಕೆ ಬಯಲು, ಬಯಲಿಗೆ ಕಾಡಿನ ಬಲಿ. ಕಾಡು ಕಡಿಯಲು, ಕಡಿದ ಇಳಿಜಾರಿಗೆ ಕಲ್ಲು ಕಟ್ಟಿ ಮೆಟ್ಟಿಲು ಮಾಡಲು, ಕಬ್ಬು ನೆಟ್ಟು ಕಡಿದು ಅರೆಯಲು ಆಫ್ರಿಕಾದಿಂದ ಮನುಷ್ಯರನ್ನು ಹಡಗಿನಲ್ಲಿ ತುಂಬಿ ತಂದರು. ಹದಿನೈದು ವರ್ಷದಲ್ಲಿ ಆ ಚೂರು ದ್ವೀಪದಲ್ಲಿ ನೂರರ ಲೆಕ್ಕದ ತೋಟಗಳೆದ್ದವು, ಸಾವಿರಕ್ಕೂ ಹೆಚ್ಚು ಗುಲಾಮರನ್ನು ಅಲ್ಲಿ ದುಡಿಸಿದರು. ಓಡಿಹೋದವರ ಕಾಲು ಕಡಿಯುವ ಕಾನೂನನ್ನೂ ಗವರ್ನರ್ ಹೊರಡಿಸಿದ. 1733ರ ನವೆಂಬರ್ 23ರಂದು ಗುಲಾಮರು ಸೌದೆ ಹೊರೆಯೊಳಗೆ ಕಬ್ಬು ಕಡಿಯುವ ಕತ್ತಿಗಳನ್ನು ಬಚ್ಚಿಟ್ಟು ಕೋರಲ್ ಬೇಯ ಕೋಟೆಗೆ ನುಗ್ಗಿದರು. ಆರು ತಿಂಗಳ ಹತ್ತಿರ ದ್ವೀಪದ ಬಹುಭಾಗ ಅವರ ಕೈಯಲ್ಲಿತ್ತು. ಕೊನೆಗೆ ಮಾರ್ಟಿನಿಕ್‌ನಿಂದ ಫ್ರೆಂಚ್ ಸೈನ್ಯ ಕರೆಸಿ ಆ ಬಂಡಾಯವನ್ನು ರಕ್ತದಲ್ಲಿ ಮುಳುಗಿಸಿದರು. ಕಬ್ಬು ಮತ್ತೆ ಬೆಳೆಯಿತು.

ನಾನು ಗಿಡದ ಕತೆ ಹೇಳಲು ಹೊರಟು ಗುಲಾಮರ ಕತೆಗೆ ಜಾರಿದೆ ಎಂದು ಯಾರೂ ಭಾವಿಸಬೇಕಿಲ್ಲ. ಎರಡೂ ಒಂದೇ ಕತೆ. ಫ್ರಾನ್ಸಿನ ಸಸ್ಯಶಾಸ್ತ್ರಜ್ಞ ಲೂಯಿ ಕ್ಲೋದ್ ರಿಶಾರ್ 1787ರಲ್ಲಿ ಮರೋನ್ ಬಕೋರದ ಮೊದಲ ಮಾದರಿ ಕಿತ್ತುಕೊಂಡದ್ದು ಇದೇ ಕೋರಲ್ ಬೇಯಲ್ಲಿ. ಆಗ ಗುಲಾಮಗಿರಿ ಜಾರಿಯಲ್ಲಿತ್ತು, ಗಾಣ ತಿರುಗುತ್ತಿತ್ತು. ಮನುಷ್ಯರನ್ನು ದನದಂತೆ ಎಣಿಸುತ್ತಿದ್ದ ತೋಟಗಳ ಲೆಕ್ಕಪುಸ್ತಕದಲ್ಲಿ ಗಿಡವನ್ನು ಎಣಿಸುವವರು ಯಾರಿದ್ದರು? ದ್ವೀಪದ ಸಹಜ ಕಾಡಿನಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಆ ಕಾಲದಲ್ಲಿ ಬೋಳಾಗಿರಬೇಕೆಂದು ಅಂದಾಜು. ಮನುಷ್ಯನನ್ನು ಹಿಂಡಿ ಎಸೆಯುವ ವ್ಯವಸ್ಥೆಯೇ ಮಣ್ಣನ್ನೂ ಮರವನ್ನೂ ಪೊದೆಯನ್ನೂ ಹಿಂಡಿ ಎಸೆಯಿತು. ಎರಡನ್ನೂ ಹಿಂಡಿ ತೆಗೆದ ಸಿಹಿ ಯುರೋಪಿನ ಚಹಾ ಕಪ್ಪಿನೊಳಗೆ ಕರಗಿತು.

1848ರಲ್ಲಿ, ಪಕ್ಕದ ಸೇಂಟ್ ಕ್ರೋಯ್ ದ್ವೀಪದಲ್ಲಿ ಗುಲಾಮರು ಮತ್ತೆ ಎದ್ದು ನಿಂತಾಗ, ಗುಲಾಮಗಿರಿ ರದ್ದಾಯಿತು. ಸಕ್ಕರೆಯ ಲಾಭ ಇಳಿಯಿತು, ತೋಟದ ಮಾಲೀಕರು ಗಂಟುಮೂಟೆ ಕಟ್ಟಿದರು. 1917ರಲ್ಲಿ ಡೆನ್ಮಾರ್ಕ್ ಈ ದ್ವೀಪಗಳನ್ನು ಎರಡೂವರೆ ಕೋಟಿ ಡಾಲರಿಗೆ ಅಮೆರಿಕಕ್ಕೆ ಮಾರಿತು. ಮಣ್ಣು, ಮನುಷ್ಯ, ಮರ ಎಲ್ಲವೂ ಒಂದೇ ಕ್ರಯಪತ್ರದಲ್ಲಿ. ಪಾಳುಬಿದ್ದ ತೋಟಗಳ ಮೇಲೆ ಕಾಡು ತಾನಾಗಿ ಮರಳತೊಡಗಿತು. 1956ರಲ್ಲಿ ದ್ವೀಪದ ದೊಡ್ಡ ಪಾಲು ರಾಷ್ಟ್ರೀಯ ಉದ್ಯಾನವಾಯಿತು. ಇನ್ನು ಗಿಡ ಬದುಕಿಕೊಂಡಿತು ಎಂದುಕೊಳ್ಳಬೇಕಿತ್ತು. ಬದುಕಲಿಲ್ಲ. ಮಾಲೀಕರು ಹೋದರು, ಅವರು ತಂದು ಬಿಟ್ಟದ್ದು ಹೋಗಲಿಲ್ಲ.

ಗಾಣದ ಕೆಲಸಕ್ಕೆ, ಹೊರೆ ಹೊರಲು ತಂದ ಕತ್ತೆಗಳನ್ನು ಜೀಪು ಬಂದ ಮೇಲೆ ಕಾಡಿಗಟ್ಟಿದರು. ಹಾಲು ಮಾಂಸಕ್ಕೆ ತಂದ ಮೇಕೆ, ಹಂದಿ ತಪ್ಪಿಸಿಕೊಂಡವು, ತಪ್ಪಿಸಿಕೊಂಡವನ್ನು ಹುಡುಕುವ ಗೋಜಿಗೆ ಯಾರೂ ಹೋಗಲಿಲ್ಲ. ಬೇಟೆಯ ಮೋಜಿಗೆಂದು ಉತ್ತರ ಅಮೆರಿಕದಿಂದ ಬಿಳಿಬಾಲದ ಜಿಂಕೆ ತಂದು ಬಿಟ್ಟಿದ್ದರು. ಆ ದ್ವೀಪದಲ್ಲಿ ಮನುಷ್ಯ ಬರುವ ಮುಂಚೆ ಗೊರಸಿನ ಪ್ರಾಣಿಯೇ ಇರಲಿಲ್ಲ. ಹಾಗಾಗಿ ಅಲ್ಲಿನ ಗಿಡಗಳಿಗೆ ಮೇಯುವ ಬಾಯಿಗಳ ವಿರುದ್ಧ ಕಾವಲಿನ ಅಭ್ಯಾಸವಿಲ್ಲ. ಮುಳ್ಳಿಲ್ಲದ ಮರೋನ್ ಬಕೋರದ ಮೊಳಕೆ ಈ ಬಾಯಿಗಳಿಗೆ ಎಳೆ ಸೊಪ್ಪು. ಮೇಕೆಯ ಮೇಲೆ, ಕತ್ತೆಯ ಮೇಲೆ ನನಗೆ ಸಿಟ್ಟಿಲ್ಲ. ಹಸಿದ ಹೊಟ್ಟೆ ಸಿಕ್ಕದ್ದನ್ನು ತಿನ್ನುತ್ತದೆ. ನನ್ನ ಸಿಟ್ಟೆಲ್ಲ ತಂದವರ ಮೇಲೆ, ಬಿಟ್ಟವರ ಮೇಲೆ, ಬಿಟ್ಟದ್ದನ್ನು ನೋಡಿಯೂ ಕಣ್ಣುಮುಚ್ಚಿದವರ ಮೇಲೆ. ಇಂದು ಪ್ರವಾಸಿಗಳು ಆ ಕತ್ತೆಗಳ ಜೊತೆ ಫೋಟೊ ತೆಗೆಸಿಕೊಂಡು ಬರುತ್ತಾರೆ. ಫೋಟೊದಲ್ಲಿ ಕತ್ತೆಯ ಬಾಯಿಯೊಳಗೆ ಏನಿದೆ ಎಂದು ಯಾರೂ ನೋಡುವುದಿಲ್ಲ.

ಈ ಪಾಪದ ಸರಪಳಿಯಲ್ಲಿ ನಮ್ಮ ದೇಶದ ಒಂದು ಕೊಂಡಿಯೂ ಇದೆ. ಕಬ್ಬಿನ ಗದ್ದೆಯ ಇಲಿ ಹಿಡಿಯಲಿ ಎಂದು 1872ರಲ್ಲಿ ಜಮೈಕಾದ ತೋಟದ ಮಾಲೀಕನೊಬ್ಬ ಕಲ್ಕತ್ತೆಯಿಂದ ಒಂಬತ್ತು ಮುಂಗುಸಿ ತರಿಸಿದ. ಅವುಗಳ ಸಂತಾನವನ್ನು ದ್ವೀಪದಿಂದ ದ್ವೀಪಕ್ಕೆ ಹಂಚಿದರು. ಸೇಂಟ್ ಜಾನಿಗೂ ಬಂದವು. ಇಲಿ ಓಡಾಡುವುದು ರಾತ್ರಿ, ಮುಂಗುಸಿ ಓಡಾಡುವುದು ಹಗಲು. ಇಷ್ಟು ಸಣ್ಣ ಸಂಗತಿ ನಮ್ಮ ಹಳ್ಳಿಯ ಯಾವ ಹುಡುಗನನ್ನು ಕೇಳಿದ್ದರೂ ಹೇಳುತ್ತಿದ್ದ. ಕೇಳಲಿಲ್ಲ. ಇಲಿ ಉಳಿದವು, ನೆಲದಲ್ಲಿ ಗೂಡು ಕಟ್ಟುವ ಹಕ್ಕಿ, ಓತಿ, ಹಾವು, ಆಮೆಯ ಮೊಟ್ಟೆ ಮುಂಗುಸಿಯ ಪಾಲಾದವು. ಒಂದು ಅವಿವೇಕವನ್ನು ಮುಚ್ಚಲು ಇನ್ನೊಂದು ಅವಿವೇಕ ತರುವುದು, ಅದಕ್ಕೆ ಸುಧಾರಣೆ ಎಂದು ಹೆಸರಿಡುವುದು ತೋಟದ ಮಾಲೀಕರ ಕಾಲಕ್ಕೇ ಮುಗಿದ ಚಾಳಿಯಲ್ಲ.

ಈಗ ಸಕ್ಕರೆಯ ಜಾಗದಲ್ಲಿ ಸಮುದ್ರದ ನೋಟ ಮಾರಾಟಕ್ಕಿದೆ. ದ್ವೀಪದಲ್ಲಿ ನಾಲ್ಕು ಸಾವಿರದಷ್ಟು ಜನ ಮಾತ್ರ ಇದ್ದಾರೆ, ಆದರೆ ರಜೆಗೆ ಬರುವವರಿಗೆ ಬೆಟ್ಟದ ನೆತ್ತಿಯಲ್ಲಿ ವಿಲ್ಲಾ ಬೇಕು, ವಿಲ್ಲಾಕ್ಕೆ ರಸ್ತೆ ಬೇಕು. ಕಡಿದಾದ ಇಳಿಜಾರಿನಲ್ಲಿ ಬುಲ್ಡೋಜರ್ ಇಳಿಯುತ್ತದೆ. ಅದರ ಚಾಲಕನಿಗೆ ಮರ ಕಂಡರೆ ಅಡ್ಡಿ, ಪೊದೆ ಕಂಡರೆ ಅದೂ ಇಲ್ಲ, ಬರೀ ಕಸ. ಬೋಳಿಸಿದ ಬೆಟ್ಟದ ಕಚ್ಚಾ ರಸ್ತೆಗಳಿಂದ ಮಳೆಗೆ ಕೊಚ್ಚಿಹೋಗುವ ಮಣ್ಣನ್ನು ವಿಜ್ಞಾನಿಗಳು ವರ್ಷಗಟ್ಟಲೆ ಅಳೆದಿದ್ದಾರೆ. ಸಹಜವಾಗಿ ಹರಿಯುವುದರ ಹಲವು ಪಟ್ಟು. ಆ ಕೆಸರು ನೇರ ಇಳಿದು ಹವಳದ ದಿಬ್ಬಗಳ ಮೇಲೆ ಕೂರುತ್ತದೆ. ಹವಳ ನೋಡಲೆಂದೇ ಬಂದ ಪ್ರವಾಸಿಗೆ ಮನೆ ಕಟ್ಟಲು ಹೋಗಿ ಹವಳವನ್ನೇ ಉಸಿರುಗಟ್ಟಿಸುವ ಬುದ್ಧಿವಂತಿಕೆಯಿದು. ಪೊದೆಯ ಬೇರು ಹಿಡಿದದ್ದು ಬರೀ ಮಣ್ಣನ್ನಲ್ಲ, ಕೆಳಗಿನ ಸಮುದ್ರವನ್ನೂ ಹಿಡಿದಿತ್ತು ಎಂದು ಇವರಿಗೆ ಯಾರು ಹೇಳಬೇಕು?

ಹೇಳಬೇಕಾದವರು ಸರ್ಕಾರದವರು. ಅವರು ಹೇಳಿದ್ದೇನೆಂದು ನೋಡೋಣ. ಅರ್ಜಿ ಬಂದು ಎರಡು ವರ್ಷವಾದ ಮೇಲೆ, 1998ರಲ್ಲಿ, ಕೇಂದ್ರ ಸರ್ಕಾರದ ವನ್ಯಜೀವಿ ಸೇವೆ ಎಂಬ ಇಲಾಖೆ ಬಾಯಿ ಬಿಟ್ಟಿತು: ‘ವಿಷಯ ಪರಿಶೀಲನೆಗೆ ಅರ್ಹ.’ ಆಮೇಲೆ ಮೌನ. 2004ರಲ್ಲಿ ಸೆಂಟರ್ ಫಾರ್ ಬಯಲಾಜಿಕಲ್ ಡೈವರ್ಸಿಟಿ ಎಂಬ ಸಂಸ್ಥೆ ನ್ಯಾಯಾಲಯಕ್ಕೆ ಎಳೆಯಿತು. 2006ರಲ್ಲಿ ಉತ್ತರ: ‘ಪಟ್ಟಿಗೆ ಸೇರಿಸುವ ಅಗತ್ಯವಿಲ್ಲ.’ 2008ರಲ್ಲಿ ಮತ್ತೆ ಮೊಕದ್ದಮೆ. 2011ರಲ್ಲಿ ಉತ್ತರ ಬದಲಾಯಿತು: ‘ಸೇರಿಸಲು ಅರ್ಹವೇ ಹೌದು, ಆದರೆ ಅದಕ್ಕಿಂತ ಮುಖ್ಯವಾದ ಕೆಲಸಗಳಿವೆ, ಸರತಿಯಲ್ಲಿ ನಿಲ್ಲಲಿ.’ 2020ರಲ್ಲಿ ಕರಡು. 2022ರಲ್ಲಿ ಅಂತಿಮ ಆದೇಶ, ಜೊತೆಗೆ ದ್ವೀಪದ 2,549 ಎಕರೆ ನೆಲ ಅದರ ಉಳಿವಿಗೆ ನಿರ್ಣಾಯಕ ಎಂಬ ಘೋಷಣೆ. ಅದೇ ಅರ್ಜಿಯಲ್ಲಿ ಜೊತೆಗೆ ಹೆಸರಿದ್ದ ಭೂತಾಳೆ ಜಾತಿಯ ಇನ್ನೊಂದು ಗಿಡಕ್ಕೆ 2014ರಲ್ಲೇ ಪಟ್ಟಿಯಲ್ಲಿ ಜಾಗ ಸಿಕ್ಕಿತ್ತು. ಒಂದೇ ಹಾಳೆಯಲ್ಲಿ ಬರೆದ ಎರಡು ಹೆಸರುಗಳ ನಡುವೆಯೂ ಎಂಟು ವರ್ಷದ ಅಂತರ.

ಸಾಯುತ್ತಿರುವ ರೋಗಿಗೆ ‘ನಿನಗೆ ಕಾಯಿಲೆಯಿರುವುದು ನಿಜ, ಆದರೆ ಪಾಳಿ ಬಂದಿಲ್ಲ’ ಎಂದ ಆಸ್ಪತ್ರೆಯನ್ನು ನಾವು ಏನೆಂದು ಕರೆಯುತ್ತೇವೆ? ಅಲ್ಲಿ ಜನ ಕಲ್ಲೆಸೆಯುತ್ತಾರೆ, ಪತ್ರಿಕೆಗಳು ಬರೆಯುತ್ತವೆ, ಮಂತ್ರಿ ಬಂದು ಪರಿಹಾರ ಘೋಷಿಸುತ್ತಾನೆ. ಗಿಡದ ಕಡೆಯಿಂದ ಕಲ್ಲೆಸೆಯುವವರಿಲ್ಲ. ಕಚೇರಿಯ ನಿಧಾನಕ್ಕೆ ಅದೇ ರಕ್ಷಾಕವಚ. 2017ರ ಸೆಪ್ಟೆಂಬರಿನಲ್ಲಿ ಇರ್ಮಾ ಚಂಡಮಾರುತ ಐದನೇ ದರ್ಜೆಯ ಬಲದಲ್ಲಿ ಸೇಂಟ್ ಜಾನಿಗೆ ಅಪ್ಪಳಿಸಿದಾಗ, ಹಿಂದೆಯೇ ಮರಿಯಾ ಬಂದಾಗ, ಈ ಗಿಡ ಇನ್ನೂ ಸರತಿಯಲ್ಲಿ ನಿಂತಿತ್ತು. ಗಾಳಿಗೆ ಅಡ್ಡ ನಿಲ್ಲಲು ಸರ್ಕಾರಕ್ಕೆ ಸಾಧ್ಯವಿಲ್ಲ, ಒಪ್ಪೋಣ. ಗಾಳಿ ಬರುವ ಮೊದಲು ಇದ್ದ ಇಪ್ಪತ್ತು ವರ್ಷದಲ್ಲಿ ಒಂದು ಬೇಲಿ ಹಾಕಲು ಸಾಧ್ಯವಿತ್ತು.

ಇದೊಂದು ಗಿಡದ ದುರದೃಷ್ಟ ಎಂದು ತಳ್ಳಿಹಾಕುವವರಿಗೆ ಪಕ್ಕದ ಪೋರ್ಟೊ ರಿಕೊದ ಎರೂಬಿಯಾ ಗಿಡವನ್ನು ತೋರಿಸುತ್ತೇನೆ. ಅದೂ ಸೋಲಾನಮ್ಮೇ, ಅದೂ ಕಾಡಿನ ಪೊದೆಯೇ, ಆದರೆ ಮೈತುಂಬ ಮುಳ್ಳು. ಆ ಮುಳ್ಳು ತಮ್ಮ ದನಗಳಿಗೆ ಚುಚ್ಚುತ್ತದೆ ಎಂದು ದನಗಾರರು ಹುಡುಕಿ ಹುಡುಕಿ ಕಿತ್ತರು. ಕಾಯೇ ಎಂಬ ಊರಿನ ಬಳಿಯ ಬೆಟ್ಟದಲ್ಲಿ ಸುಮಾರು 200 ಗಿಡ ಉಳಿದಿದ್ದಾಗ, 1988ರಲ್ಲಿ, ಅದನ್ನು ಅಳಿವಿನಂಚಿನ ಪಟ್ಟಿಗೆ ಸೇರಿಸಿದರು. ಮುಳ್ಳಿದ್ದ ತಪ್ಪಿಗೆ ಅದನ್ನು ಕಿತ್ತರು. ಮುಳ್ಳಿಲ್ಲದ ತಪ್ಪಿಗೆ ಇದನ್ನು ಮೇಯಿಸಿದರು. ಹಾಗಾದರೆ ಗಿಡವೊಂದು ಮನುಷ್ಯನ ಜೊತೆ ಬದುಕಬೇಕಾದರೆ ಹೇಗಿರಬೇಕು? ನಮ್ಮ ತಟ್ಟೆಗೆ ಬೀಳುವಂತಿರಬೇಕು, ಇಲ್ಲವೇ ನಮ್ಮ ಕಣ್ಣಿಗೆ ಬೀಳದಂತಿರಬೇಕು. ಮೂರನೆಯ ದಾರಿ ಬಿಟ್ಟಿಲ್ಲ ನಾವು.

ಪಟ್ಟಿಗೆ ಸೇರಿತಲ್ಲ, ಇನ್ನೇನು ಗೋಳು ಎನ್ನಬಹುದು. ಆ ಕಾನೂನಿನ ಒಳಗೇ ಒಂದು ಪಂಕ್ತಿಭೇದವಿದೆ. ಅಮೆರಿಕದಲ್ಲಿ ಅಳಿವಿನಂಚಿನ ಪ್ರಾಣಿಯನ್ನು ಖಾಸಗಿ ಜಮೀನಿನಲ್ಲಿ ಕೊಂದರೂ ಅಪರಾಧ. ಗಿಡಕ್ಕೆ ಆ ರಕ್ಷಣೆಯಿಲ್ಲ. ಕೇಂದ್ರ ಸರ್ಕಾರದ ನೆಲದಲ್ಲಿ ಕಿತ್ತರೆ ತಪ್ಪು, ಸ್ಥಳೀಯ ಕಾನೂನನ್ನು ತಿಳಿದೂ ಮುರಿದು ಕಿತ್ತರೆ ತಪ್ಪು. ಉಳಿದಂತೆ ತನ್ನ ಜಮೀನಿನ ಗಿಡವನ್ನು ಮಾಲೀಕ ಬುಡಸಮೇತ ತೆಗೆದರೂ ಕೇಂದ್ರದ ಆ ಕಾನೂನು ತುಟಿ ಬಿಚ್ಚುವುದಿಲ್ಲ. ‘ನಿರ್ಣಾಯಕ ನೆಲ’ ಎಂದು ಘೋಷಿಸಿದ ಎಕರೆಗಳ ಮಾತೂ ಅಷ್ಟೇ: ಕೇಂದ್ರದ ಹಣ, ಕೇಂದ್ರದ ಅನುಮತಿ ಬೇಕಾದ ಕಾಮಗಾರಿಗೆ ಮಾತ್ರ ಅದು ಅಡ್ಡಿ. ಓಡಬಲ್ಲ ಜೀವಕ್ಕೆ ಎಲ್ಲ ಕಡೆ ರಕ್ಷಣೆ, ಓಡಲಾರದ ಜೀವಕ್ಕೆ ಅರ್ಧ ಕಡೆ! ಬುಲ್ಡೋಜರ್ ಬಂದಾಗ ಎದ್ದು ಪಕ್ಕದ ಪಾರ್ಕಿಗೆ ಹೋಗಬೇಕೆಂದು ಗಿಡಕ್ಕೆ ನೋಟಿಸು ಕೊಡುತ್ತಾರೇನು?

ದೂರದ ದೇಶದ ಕಾನೂನನ್ನು ಬೈದು ನಾವು ಮೀಸೆ ತಿರುವಿಕೊಳ್ಳುವಂತಿಲ್ಲ. ನಮ್ಮ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದದ್ದು 1972ರಲ್ಲಿ. ಅದರೊಳಗೆ ಗಿಡಗಳ ಪಟ್ಟಿ ಸೇರಿದ್ದು 1991ರ ತಿದ್ದುಪಡಿಯಲ್ಲಿ, ಅದೂ ಆರೇ ಆರು ಹೆಸರು. ಹೂಗಿಡಗಳೇ ಸಾವಿರ ಸಾವಿರ ಬಗೆಯಿರುವ ದೇಶಕ್ಕೆ ಮೂವತ್ತು ವರ್ಷ ಆ ಆರೇ ಸಾಕಾಗಿತ್ತು. ಕರ್ನಾಟಕದಲ್ಲಿ 1976ರ ವೃಕ್ಷ ಸಂರಕ್ಷಣಾ ಕಾಯ್ದೆಯಿದೆ. ಅದು ಕಾಯುವುದು ವೃಕ್ಷವನ್ನು. ರಸ್ತೆ ಅಗಲವಾಗುವಾಗ, ಕೊಳವೆ ಹೂಳುವಾಗ, ಬಡಾವಣೆ ಏಳುವಾಗ ಕಡಿಯುವ ಮರಕ್ಕೆ ನಂಬರು ಬರೆಯುತ್ತಾರೆ, ಹರಾಜು ಕೂಗುತ್ತಾರೆ, ಹೋರಾಟಗಾರರು ಮರವನ್ನು ಅಪ್ಪಿಕೊಳ್ಳುತ್ತಾರೆ. ಅದರ ಬುಡದ ಪೊದೆಗಳನ್ನು ಜೆಸಿಬಿ ಒಂದೇ ಬಾಚಿನಲ್ಲಿ ಬಳಿದು ಲಾರಿಗೆ ತುಂಬಿದರೆ ಅದು ‘ಗಿಡಗಂಟಿ ತೆರವು’. ಬಿಲ್ಲಿನಲ್ಲೂ ಹಾಗೇ ಬರೆಯುತ್ತಾರೆ. ಪಶ್ಚಿಮಘಟ್ಟದ ಕಾಡಿನಂಚಿನಲ್ಲಿ ಸೋಲಾನಮ್ ಕುಲದ ಪೊದೆಗಳು ಇಂದಿಗೂ ಇವೆ, ಬದನೆಯ ಕಾಡುಬಂಧುಗಳೂ ಅದರಲ್ಲಿ ಸೇರಿವೆ. ನಾಳೆ ನಮ್ಮ ಬದನೆಗೆ ಹೊಸ ರೋಗ ಬಂದಾಗ ತಡೆಯುವ ಗುಣಕ್ಕಾಗಿ ಬೆಳೆ ವಿಜ್ಞಾನಿಗಳು ಹುಡುಕಿಕೊಂಡು ಹೋಗುವುದು ಇಂಥ ಬಂಧುಗಳ ಮನೆಬಾಗಿಲಿಗೇ. ಬಾಗಿಲೇ ಇಲ್ಲದಿದ್ದರೆ ಯಾರನ್ನು ಕೇಳುತ್ತೇವೆ?

ಮರೋನ್ ಬಕೋರದ ವಿಷಯದಲ್ಲಿ ಹೊಟ್ಟೆ ಉರಿಸುವ ಸಂಗತಿ ಇನ್ನೊಂದಿದೆ. ಇದನ್ನು ಉಳಿಸುವುದು ಕಷ್ಟದ ಕೆಲಸವೇ ಅಲ್ಲ. ಬೀಜ ಬಿತ್ತಿದರೆ ನರ್ಸರಿಯಲ್ಲಿ ಚೆನ್ನಾಗಿ ಮೊಳೆಯುತ್ತದೆ. ಕಡ್ಡಿ ನೆಟ್ಟರೂ ಚಿಗುರುತ್ತದೆ. ದ್ವೀಪದ ಕೆಲವು ಸಸ್ಯಪ್ರೇಮಿಗಳು, ಸಂಶೋಧಕರು ಸರ್ಕಾರದ ಮುದ್ರೆಗೆ ಕಾಯದೆ ಸಸಿ ಮಾಡಿದರು, ಕಾಡಿಗೆ ಒಯ್ದು ನೆಟ್ಟರು. ಸರಿಯಾದ ಕಾವಲಿದ್ದಲ್ಲಿ ಸಸಿ ನಿಲ್ಲುತ್ತದೆ, ಬಾಯಿಗಳಿಗೆ ಸಿಕ್ಕಲ್ಲಿ ಹೋಗುತ್ತದೆ. ಪ್ರಯೋಗಶಾಲೆ ಬೇಡ, ಕೋಟಿ ಡಾಲರಿನ ಯಂತ್ರ ಬೇಡ. ಬೇಕಾದದ್ದು ತಂತಿ, ಗೂಟ, ಗುದ್ದಲಿ, ನೀರು, ನಾಲ್ಕಾರು ವರ್ಷ ಬಿಡದೆ ನೋಡಿಕೊಳ್ಳುವ ಜನ. ಇಷ್ಟನ್ನು ಕೊಡಲಾಗದ ವ್ಯವಸ್ಥೆ ಹಣದಲ್ಲಿ ಬಡವಾಗಿರಲಿಲ್ಲ, ಮನಸ್ಸಿನಲ್ಲಿ ಬಡವಾಗಿತ್ತು.

ಆದ್ದರಿಂದ ಬೇಡಿಕೆಗಳನ್ನು ಬಾಯಿಬಿಟ್ಟು ಹೇಳಬೇಕು. ನ್ಯಾನಿ ಪಾಯಿಂಟಿನಿಂದ ಹಿಡಿದು ಒಂಟಿ ಗಿಡ ನಿಂತ ಕಡೆಯವರೆಗೆ ಬೇಲಿ ಬೀಳಲಿ. ಬೀಡಾಡಿ ಮೇಕೆ, ಹಂದಿಗಳನ್ನು ಉದ್ಯಾನದಿಂದ ಹೊರಗೆ ಕಳಿಸಲಿ. ಒಂಟಿ ಗಿಡದ ಪಕ್ಕ ಜೋಡಿ ಗಿಡ ನೆಡಲಿ. ಕಡ್ಡಿ ನೆಟ್ಟು ಒಂದೇ ಗಿಡದ ನೂರು ನಕಲು ಮಾಡಿ ‘ಸಂಖ್ಯೆ ಹೆಚ್ಚಿತು’ ಎಂದು ವರದಿ ಬರೆಯದೆ, ಬೇರೆ ಬೇರೆ ತಾಯಿಗಳ ಬೀಜದಿಂದ ಸಸಿ ಮಾಡಲಿ. ಯಂತ್ರ ಇಳಿಯುವ ಮುನ್ನ ಆ ನೆಲದ ಪೊದೆಗಳನ್ನು ಬಲ್ಲವರು ನಡೆದು ನೋಡಲಿ. ಅವರು ಸಹಿ ಹಾಕದೆ ಕೀಲಿಕೈ ತಿರುಗದಿರಲಿ. ಖಾಸಗಿ ಜಮೀನಿನ ಗಿಡವನ್ನು ಕಾನೂನು ಪ್ರಾಣಿಯಷ್ಟೇ ಗೌರವದಿಂದ ಕಾಣಲಿ. ಅರ್ಜಿಗೆ ಗಡುವು ಮೀರಿದರೆ, ಮೀರಿಸಿದ ಅಧಿಕಾರಿಯ ಹೆಸರಿನಲ್ಲಿ ಲೆಕ್ಕ ಕೇಳಲಿ. ಇವುಗಳಲ್ಲಿ ಒಂದೂ ಅತಿಯಾಸೆಯ ಬೇಡಿಕೆಯಲ್ಲ.

ಅಸಡ್ಡೆಯನ್ನು ನಾವು ಅಪರಾಧ ಎಂದು ಎಣಿಸುವುದಿಲ್ಲ. ಕೊಡಲಿ ಹಿಡಿದವನ ಕೈ ಕಾಣುತ್ತದೆ, ಫೈಲು ಹಿಡಿದವನ ಕೈ ಕಾಣುವುದಿಲ್ಲ. ಆದರೆ 1718ರಿಂದ ಇಂದಿನವರೆಗೆ ಈ ಗಿಡವನ್ನು ದ್ವೇಷಿಸಿದವರು ಒಬ್ಬರೂ ಇಲ್ಲ. ಕಬ್ಬು ನೆಡಿಸಿದವನಿಗೆ ಅದರ ಹೆಸರು ಗೊತ್ತಿರಲಿಲ್ಲ. ಜಿಂಕೆ ಬಿಟ್ಟವನಿಗೆ ಗೊತ್ತಿರಲಿಲ್ಲ. ವಿಲ್ಲಾ ಕಟ್ಟಿದವನಿಗೆ ಗೊತ್ತಿಲ್ಲ. ಹೆಸರು ಗೊತ್ತಿದ್ದ ಒಂದೇ ಕಡೆ ಸರ್ಕಾರಿ ಕಚೇರಿ. ಅಲ್ಲಿ ಅದು 26 ವರ್ಷ ಕಾಯಿತು. ದ್ವೇಷವೇ ಇಲ್ಲದೆ ಒಂದು ಕುಲವನ್ನು ಮುಗಿಸಬಹುದು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಓದುಗರಲ್ಲಿ ನನ್ನದು ಒಂದೇ ಕೇಳಿಕೆ. ನಿಮ್ಮ ಊರಿನ ಗುಡ್ಡಕ್ಕೆ, ಕೆರೆಯಂಚಿಗೆ, ರಸ್ತೆಬದಿಗೆ ಯಂತ್ರ ಬಂದು ‘ಬರೀ ಪೊದೆ, ಕ್ಲೀನ್ ಮಾಡ್ತಿದೀವಿ’ ಎಂದಾಗ ಅಡ್ಡ ನಿಂತು ಕೇಳಿ: ಯಾವ ಪೊದೆ? ಹೆಸರೇನು? ಇನ್ನೆಲ್ಲಿ ಬೆಳೆಯುತ್ತದೆ? ಉತ್ತರ ಬರುವವರೆಗೆ ಜಾಗ ಬಿಡಬೇಡಿ. ಹೆಸರು ತಿಳಿಯದವನಿಗೆ ಕಡಿಯುವ ಹಕ್ಕಿಲ್ಲ.